ಗಯೆಯಲ್ಲಿ ಬಿಟ್ಟ ಹಲಸು

ನನ್ನ ಗಂಡ ಸುಜಯೀಂದ್ರ ಪಾಸು ಜೇಬಿನಲ್ಲಿದ್ದರೂ ಟಿಕೆಟ್ ಚೆಕರ್‌ಗೆ ಹೆದರುವ ಮನುಷ್ಯ. ಮದರಾಸಿನ ತಾಂಬರಂ ಲೋಕಲ್‌ನಲ್ಲಿ ಕಪ್ಪು ಕೋಟು ಕಂಡರೆ ಸಾಕು, ಜೇಬನ್ನು ಒಮ್ಮೆ ಮುಟ್ಟಿ, ಇನ್ನೊಮ್ಮೆ ಮುಟ್ಟಿ, ಕೊನೆಗೆ ಯಾರೂ ಕೇಳದೆಯೇ ಪಾಸು ತೆಗೆದು ತೋರಿಸುತ್ತಾರೆ. ಮದುವೆಯಾದ ಹೊಸದರಲ್ಲಿ ನನಗೆ ಇದು ಮುದ್ದಾಗಿ ಕಾಣುತ್ತಿತ್ತು. ಆಮೇಲೆ ಕೆಲವು ವರ್ಷ ಮೈಯೆಲ್ಲ ಉರಿಯುತ್ತಿತ್ತು. ಈಗ ಎರಡೂ ಇಲ್ಲ, ಒಗ್ಗಿಹೋಗಿದೆ.

ಇಂಥವರು ಪ್ರವಾಸದ ಬ್ಲಾಗ್ ಬರೆಯುತ್ತಾರೆ ಎಂದರೆ ನಮ್ಮ ಬಂಧುಗಳೇ ನಗುತ್ತಾರೆ. ಆದರೆ ಆ ಬ್ಲಾಗ್ ಹುಟ್ಟಿದ್ದೇ ಹೆದರಿಕೆಯಿಂದ. ಯಾವ ಊರಿಗೆ ಹೊರಟರೂ ಇವರಿಗೆ ಮೊದಲು ತಿಳಿಯಬೇಕಾದದ್ದು ಅಲ್ಲಿ ಏನು ನೋಡಬೇಕು ಎಂಬುದಲ್ಲ. ಯಾವ ಪ್ಲಾಟ್‌ಫಾರ್ಮಿನಲ್ಲಿ ಲಿಫ್ಟ್ ನಡೆಯುತ್ತದೆ, ದೇವಸ್ಥಾನದ ಮೆಟ್ಟಿಲಿಗೆ ಹಿಡಿದುಕೊಳ್ಳಲು ಕಂಬಿ ಇದೆಯೇ, ಶೌಚಾಲಯ ಎಲ್ಲಿ, ಮಂಡಿ ನೋವಿನ ಅಮ್ಮ ಎಲ್ಲಿ ಕೂತು ಉಸಿರು ತೆಗೆದುಕೊಳ್ಳಬಹುದು. ಇದನ್ನೆಲ್ಲ ಕನ್ನಡದಲ್ಲಿ ಬರೆದು ‘ಕೂತ್ಕೊಂಡು ಹೋಗೋಣ’ ಎಂದು ಹೆಸರಿಟ್ಟರು. ಅದರಲ್ಲಿ ಒಂದು ಸೂರ್ಯಾಸ್ತವೂ ಇಲ್ಲ. ಆದರೂ ಎಲ್ಲೆಲ್ಲಿಂದಲೋ ಜನ ಓದಿದರು. ನಿಮ್ಮನ್ನು ನಂಬಿ ನಮ್ಮಮ್ಮನನ್ನು ರಾಮೇಶ್ವರಕ್ಕೆ ಕರೆದುಕೊಂಡು ಹೋಗಿ ಬಂದೆ ಎಂದು ರಾಯಚೂರಿನ ಒಬ್ಬರು ಬರೆದಾಗ ಇವರು ಮೂರು ಸಲ ನನಗೆ ಓದಿ ಹೇಳಿದರು. ಮಂಡಿಗೆ ಹಚ್ಚುವ ಎಣ್ಣೆಯ ಕಂಪನಿಯವರು ಜಾಹೀರಾತು ಕೊಟ್ಟರು. ದುಡ್ಡು ಬರತೊಡಗಿತು.

ದುಡ್ಡು ಬಂದದ್ದೇ ತಡ, ಹೊಸ ಹೆದರಿಕೆಯೂ ಬಂತು. ಆಫೀಸಿನ ಸಂಬಳದ ಜೊತೆ ಇದನ್ನೂ ತೋರಿಸಬೇಕಲ್ಲ ಎಂದು ಸೌಕಾರ್‌ಪೇಟೆಯ ವಿಘ್ನೇಶ್ ಎಂಬ ತೆರಿಗೆ ಸಲಹೆಗಾರನ ಬಳಿ ಓಡಿದರು. ನಮ್ಮಂಥವರ ಜೊತೆ ತಮಿಳಿಗೆ ಕನ್ನಡ ಬೆರೆಸಿ ಮಾತಾಡುವ ಚುರುಕು ಹುಡುಗ.

“ಸಾರ್, ಬ್ಲಾಗ್ ಅಂದ್ರೆ ಬಿಸಿನೆಸ್. ಬಿಸಿನೆಸ್ ಅಂದ್ರೆ ಖರ್ಚು ಇರುಂ. ಊರೂರು ಸುತ್ತಿದ ಖರ್ಚನ್ನ ವರಮಾನದಲ್ಲಿ ಕಳೀಬೋದು. ಅಷ್ಟಕ್ಕೆ ಟ್ಯಾಕ್ಸ್ ಬಿಡ್ತಾರೆ. ಎಲ್ಲಾ ಟಿಕೆಟ್ಟೂ ಕುಡುಂಗೊ.”

ಇವರು ರಾಮೇಶ್ವರದ್ದು, ಪಂಢರಾಪುರದ್ದು, ಹಂಪಿಯದ್ದು ಕೊಟ್ಟರು. ಅವನು ಬ್ಲಾಗ್ ತೆರೆದು ನೋಡಿ, “ಗಯಾ ಬಗ್ಗೆ ಬರೆದಿದೀರಲ್ಲ ಸಾರ್, ಅದರ ಟಿಕೆಟ್ ಎಲ್ಲಿ? ಬ್ಲಾಗಲ್ಲಿ ಇದೆ, ಲೆಕ್ಕದಲ್ಲಿ ಇಲ್ಲ ಅಂದ್ರೆ ಕೇಳ್ವಿ ವರುಂ” ಎಂದ. ಪ್ರಶ್ನೆ ಬರುತ್ತದೆ ಎಂಬ ಮಾತು ಕೇಳಿದ ಮೇಲೆ ನನ್ನ ಗಂಡ ಯೋಚಿಸುತ್ತಾರೆಯೇ? ಅದನ್ನೂ ಕೊಟ್ಟು ಬಂದರು.

ಗಯೆಗೆ ನಾವು ಹೋಗಿದ್ದು ಮಾವ ಪಂಢರಿನಾಥರ ವರ್ಷಾಬ್ದಿಕ ಮುಗಿದ ಮೇಲೆ. ಇವರು, ನಾನು, ಅತ್ತೆ ಜಾನಕಮ್ಮ. ಫಲ್ಗು ನದಿಯಲ್ಲಿ, ವಿಷ್ಣುಪಾದದಲ್ಲಿ ಪಿಂಡ ಇಟ್ಟು, ಕೊನೆಗೆ ಅಕ್ಷಯವಟದ ಬುಡದಲ್ಲಿ ಕೂತೆವು. ಅಲ್ಲಿ ತಮಗೆ ಪ್ರಿಯವಾದ ಒಂದು ಹಣ್ಣನ್ನೋ ಕಾಯಿಯನ್ನೋ ಪಿತೃಗಳಿಗಾಗಿ ಬಿಡಬೇಕು, ಮತ್ತೆ ಜೀವಮಾನದಲ್ಲಿ ಮುಟ್ಟಬಾರದು. ಜನ ಜಾಣರು, ಹಾಗಲಕಾಯಿ ಬಿಟ್ಟು ಬರುತ್ತಾರೆ. ನಾನೂ ಏನು ಕಡಿಮೆಯಿಲ್ಲ, ಮೊದಲೇ ಸೇರದ ಸೋರೆಕಾಯಿ ಬಿಟ್ಟೆ. ಇವರು ಮಾತ್ರ ಹಲಸಿನ ಹಣ್ಣು ಬಿಟ್ಟರು. ಬೇಸಿಗೆಯಲ್ಲಿ ಮೈಲಾಪೂರಿನ ಕೊಳದ ಸುತ್ತ ಪಣ್ರುಟ್ಟಿಯ ಹಲಸು ತುಂಬಿದ ಗಾಡಿಗಳು ನಿಂತರೆ ಅಪ್ಪ ಮಗ ಇಬ್ಬರೂ ಪೇಪರಿನಲ್ಲಿ ಕಟ್ಟಿಸಿಕೊಂಡು ಬಂದು, ಊಟ ಮರೆತು ತಿನ್ನುತ್ತಿದ್ದವರು. ಅಂದಿನಿಂದ ಗಾಡಿ ಕಂಡರೆ ಇವರು ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಾರೆ.

ಜೂನ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ಆದಾಯ ತೆರಿಗೆ ಇಲಾಖೆಯಿಂದ ಮೇಲ್ ಬಂತು. ನಿಮ್ಮ ರಿಟರ್ನ್ ಪರಿಶೀಲನೆಗೆ ಆಯ್ಕೆಯಾಗಿದೆ ಎಂದಿತ್ತು. ಇವರು ನಿಂತಲ್ಲೇ ನೆಲದ ಮೇಲೆ ಕೂತರು. ನಮ್ಮ ಮಗಳು ಮೌನಾ ಅವರ ಫೋನ್ ತೆಗೆದುಕೊಂಡು ಓದಿ, “ಅಪ್ಪಾ, ಇದು ರೊಟೀನ್ ದಾನ್, ಜೈಲ್ ಎಲ್ಲಾಂ ಇಲ್ಲ” ಎಂದಳು. ಜೈಲು ಎಂಬ ಪದ ಅದುವರೆಗೂ ಇವರಿಗೆ ಹೊಳೆದಿರಲಿಲ್ಲ. ಆಮೇಲೆ ಅದೊಂದೇ ಹಿಡಿದುಕೊಂಡಿತು.

ಆ ದಿನಗಳಲ್ಲಿ ಕಾಲಿಂಗ್ ಬೆಲ್ ಆದರೆ ಇವರು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದರು. ಒಮ್ಮೆ ಬಂದವನು ಇಸ್ತ್ರಿಯವನು. ನೀವು ಸುಮ್ಮನೆ ಹೆದರುತ್ತೀರಿ ಎಂದು ಹೇಳಿ ಹೇಳಿ, ಕೊನೆಗೆ ಮೊಬೈಲ್ ಸದ್ದಾದರೆ ನಾನೇ ಬೆಚ್ಚುವಂತಾಯಿತು. ಹೆದರಿಕೆ ನೆಗಡಿಯ ಹಾಗೆ, ಒಂದೇ ಮನೆಯಲ್ಲಿದ್ದವರಿಗೆ ತಗುಲದೆ ಬಿಡುವುದಿಲ್ಲ.

ಆಮೇಲೆ ಬಂದ ಪ್ರಶ್ನೆಗಳಲ್ಲಿ ಒಂದು ಗಯೆಯದೇ. ಮೂವರ ಟಿಕೆಟ್ ಏಕೆ? ಪ್ರಯಾಣದ ಉದ್ದೇಶವೇನು? ವಿಘ್ನೇಶ್ ಉತ್ತರ ತಯಾರು ಮಾಡಿ, ಫೋನಿನಲ್ಲಿ ವಿವರಿಸಿದ. ಒಬ್ಬರೇ ಕೇಳಲಾರೆ ಎಂದು ಇವರು ಹೇಳಿದ್ದಕ್ಕೆ ನಾನು ಸ್ಪೀಕರ್ ಹಾಕಿ ಟೀಪಾಯಿಯ ಮೇಲಿಟ್ಟಿದ್ದೆ.

“ಸಿಂಪಲ್ ಸಾರ್. ಗಯಾ ಟ್ರಿಪ್ ಪೂರ್ತಿಯಾಗಿ ಬ್ಲಾಗ್ ಬಿಸಿನೆಸ್‌ಗೋಸ್ಕರ ಮಟ್ಟುಂ, ಬೇರೆ ಉದ್ದೇಶ ಕೆಡೆಯಾದು. ಕೂಡ ಬಂದ ಲೇಡೀಸ್ ಇಬ್ಬರೂ ಅಸಿಸ್ಟೆಂಟ್ಸ್. ನೀವು ಓಕೆ ಅಂದ್ರೆ ಅಪ್‌ಲೋಡ್ ಮಾಡ್ತೀನಿ.”

ಅಸಿಸ್ಟೆಂಟ್ ಎಂದದ್ದಕ್ಕೆ ನನಗೆ ನಗು ಬಂತು. ಅತ್ತೆಯ ಕಡೆ ತಿರುಗಿದೆ. ಹೂಬತ್ತಿ ಹೊಸೆಯುತ್ತಿದ್ದ ಅವರ ಕೈ ನಿಂತುಹೋಗಿತ್ತು. ಮದರಾಸಿನಲ್ಲೇ ಹುಟ್ಟಿ ಬೆಳೆದವರು, ಒಂದು ಮಾತೂ ತಪ್ಪದೆ ಅರ್ಥವಾಗಿತ್ತು.

“ಸುಜಯಾ, ನಿಮ್ಮಪ್ಪಂಗೆ ಅಂತ ಹೋಗಿದ್ದಲ್ಲ ಅಂತ ಬರ್ದು ಕೊಡ್ತೀಯಾ?”

“ಅಮ್ಮಾ, ಅದು ಸುಮ್ನೆ ಆಫೀಸಿಗೆ...”

“ಬೇರೆ ಉದ್ದೇಶ ಇಲ್ಲ ಅಂದ್ನಲ್ಲೋ ಅವ್ನು. ಹಂಗಾದ್ರೆ ಇಟ್ಟ ಪಿಂಡ ಅವ್ರಿಗೆ ಮುಟ್ಟಿಲ್ವಾ?”

ನನ್ನ ನಗು ಎಲ್ಲಿ ಹೋಯಿತೋ. ಅತ್ತೆಯ ಕಣ್ಣಿನಲ್ಲಿ ಕಂಡದ್ದು ಸಿಟ್ಟಲ್ಲ, ಹೆದರಿಕೆ. ಗಯೆಯಿಂದ ಬಂದ ದಿನ, ಇನ್ನು ಅವರಿಗೆ ಹಸಿವಿಲ್ಲ ಎಂದು ನಿಟ್ಟುಸಿರು ಬಿಟ್ಟು ಮಲಗಿದ್ದ ಹೆಂಗಸು. ಈಗ ಆ ಹಸಿವು ಮತ್ತೆ ಬಾಗಿಲಿಗೆ ಬಂದು ನಿಂತಂತೆ ನೋಡುತ್ತಿದ್ದರು.

ಇವರು ಫೋನ್ ಕಟ್ ಮಾಡಿದರು. ಆಮೇಲೆ ಆಡಿದ ಮಾತು ನನಗೂ ಹೊಸದು. “ಅಮ್ಮಾ, ಸಂಕಲ್ಪ ಹೇಳಿಸ್ತಿದ್ದಾಗ ನನ್ನ ಮನಸ್ಸು ಅಪ್ಪನ ಮೇಲಿರ್ಲಿಲ್ಲ. ಈ ಮೆಟ್ಲು ಜಾರತ್ತೆ, ಇಲ್ಲಿ ಕಂಬಿ ಇಲ್ಲ, ಇದನ್ನ ಬರೀಬೇಕು ಅಂತ ಓಡ್ತಾ ಇತ್ತು. ನಾನು ಅಲ್ಲಿಗೆ ಯಾತಕ್ಕೆ ಹೋಗಿದ್ದು ಅಂತ ನಂಗೇ ಈಗ ಗೊತ್ತಾಗ್ತಿಲ್ಲ. ಭಯ ಆಗತ್ತೆ.”

ಅತ್ತೆ ಬತ್ತಿಗಳನ್ನು ಡಬ್ಬಿಗೆ ಹಾಕಿ ಒಳಗೆ ಹೋದರು.

ಮರುದಿನ ಸಂಜೆ ಅತ್ತೆ ತಾವಾಗಿಯೇ ಕೊಳದ ಕಡೆ ಹೋಗೋಣ, ಹೂವು ಬೇಕು ಎಂದರು. ಮೂವರೂ ಹೊರಟೆವು. ತಿರುವಿನಲ್ಲೇ ಹಲಸಿನ ವಾಸನೆ ಬಡಿಯಿತು. ಇವರು ಅಭ್ಯಾಸದಂತೆ ರಸ್ತೆ ದಾಟಲು ಹೆಜ್ಜೆ ಎತ್ತಿದರು. ಅತ್ತೆ ಅವರ ತೋಳು ಹಿಡಿದು ನಿಲ್ಲಿಸಿ, ಗಾಡಿಯ ಹತ್ತಿರ ಹೋಗಿ, ಬಿಡಿಸಿಟ್ಟ ಒಂದು ತೊಳೆ ಕೊಂಡು, ಇವರ ಬಾಯಿಯ ಹತ್ತಿರ ಹಿಡಿದರು.

“ತಿನ್ನು.”

ಟ್ಯಾಕ್ಸ್ ನೋಟೀಸ್ ಬಂದ ದಿನವೂ ಇವರು ಅಷ್ಟು ಹೆದರಿರಲಿಲ್ಲ. ಹಿಂದಕ್ಕೆ ಸರಿದು, ಅಲ್ಲಿ ನಿಂತಿದ್ದ ಸ್ಕೂಟರಿಗೆ ಡಿಕ್ಕಿ ಹೊಡೆದರು. “ಅಮ್ಮಾ, ಬೇಡ! ಬಿಟ್ಟಿದೀನಿ!”

“ಯಾತಕ್ಕೆ ಬಿಟ್ಟೆ? ಬ್ಲಾಗ್‌ಗೋಸ್ಕರ ಬಿಟ್ಟೆಯಾ?”

“ಇಲ್ಲಮ್ಮಾ.”

“ಬಿಸಿನೆಸ್‌ಗೋಸ್ಕರ ಬಿಟ್ಟೆಯಾ?”

“ಅಪ್ಪಂಗೆ.” ಇವರು ಅಷ್ಟು ಜನರ ನಡುವೆ ಮಗುವಿನ ಹಾಗೆ ಅತ್ತುಬಿಟ್ಟರು. “ಅಪ್ಪಂಗೋಸ್ಕರ ಬಿಟ್ಟೆ.”

“ಹಂಗಂತ ಬರಿ.”

ಅತ್ತೆ ತೊಳೆಯನ್ನು ನನ್ನ ಕೈಗಿಟ್ಟರು. ಹೂವಿನ ಅಂಗಡಿಯ ಮುಂದೆ ನನ್ನ ಕಿವಿಯಲ್ಲಿ, “ಎಲ್ಲಿ ತಿಂದ್ಬಿಡ್ತಾನೋ ಅಂತ ಪ್ರಾಣವೇ ಹೋಗಿತ್ತು ಕಣೇ ಶ್ರೀವಿದ್ಯಾ” ಎಂದರು.

ವಿಘ್ನೇಶ್ ತಲೆ ಚಚ್ಚಿಕೊಂಡ. ಒಂದು ತಪ್ಪು ನೀವೇ ಒಪ್ಪಿಕೊಂಡರೆ ಉಳಿದ ಎಲ್ಲದರ ಮೇಲೂ ಅನುಮಾನ ಬರುತ್ತದೆ, ಕಳೆದದ್ದಕ್ಕೆ ತೆರಿಗೆ ಜೊತೆ ಬಡ್ಡಿ, ಅದರ ಮೇಲೆ ದಂಡ, ಯೋಚನೆ ಮಾಡಿ ಎಂದ. ಇವರು ಯೋಚನೆ ಮಾಡಿದರು, ಬೆವರಿದರು, ನೀರು ಕುಡಿದರು. ನಂತರ ಉತ್ತರವನ್ನು ತಾವೇ ಬರೆದರು. ಉಳಿದ ಊರುಗಳಿಗೆ ಬ್ಲಾಗಿಗಾಗಿಯೇ ಹೋದದ್ದು, ಗಯೆಗೆ ನನ್ನ ತಂದೆಗಾಗಿ ಹೋದದ್ದು, ಅದನ್ನು ಖರ್ಚಿನಲ್ಲಿ ತೋರಿಸಿದ್ದು ತಪ್ಪು, ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದು. ಸಲ್ಲಿಸುವ ಗುಂಡಿ ಒತ್ತುವಾಗ ಕಣ್ಣು ಮುಚ್ಚಿಕೊಂಡಿದ್ದರು.

ಹೆದರಿಕೆ ಹೋಯಿತೆಂದು ನಾನು ಸುಳ್ಳು ಹೇಳಲಾರೆ. ಬೆಲ್ ಆದರೆ ಆಮೇಲೂ ಬಚ್ಚಲ ಕಡೆ ನೋಡುತ್ತಿದ್ದರು. ದಿನಕ್ಕೆ ಹತ್ತು ಸಲ ಮೇಲ್ ತೆರೆಯುತ್ತಿದ್ದರು. ಹೀಗೆಯೇ ಕಾರ್ತೀಕ ಬಂತು, ಮಾವನ ಶ್ರಾದ್ಧದ ದಿನ ಬಂತು.

ಪುರೋಹಿತರು ಸಂಕಲ್ಪ ಹೇಳಿಸುವಾಗ ಇವರ ದನಿ ಅಡುಗೆಮನೆಯವರೆಗೂ ಕೇಳಿಸಿತು. ಎಂದೂ ಗೊಣಗುವವರು ಅಂದು ಪಂಢರಿನಾಥ ಎಂಬ ಹೆಸರನ್ನು ಬಿಡಿಸಿ ಹೇಳಿದರು. ಅತ್ತೆ ಬಾಗಿಲ ಹತ್ತಿರ ಕೂತು ಕೇಳುತ್ತಿದ್ದರು. ಬ್ರಾಹ್ಮಣರಿಗೆ ಎಲೆ ಹಾಕಿ, ಇವರು ಬಡಿಸಲು ಪಾಯಸದ ಪಾತ್ರೆ ಎತ್ತಿಕೊಂಡಾಗ ಕಿಟಕಿಯ ಕಟ್ಟೆಯ ಮೇಲಿದ್ದ ಫೋನ್ ಸದ್ದು ಮಾಡಿತು. ಪಕ್ಕದಲ್ಲೇ ಇದ್ದೆನಾದ್ದರಿಂದ ಪರದೆ ನನಗೆ ಕಾಣಿಸಿತು. ಆದಾಯ ತೆರಿಗೆ ಇಲಾಖೆ, ಆದೇಶ ಹೊರಬಿದ್ದಿದೆ ಎಂದಿತ್ತು. ಇವರೂ ನೋಡಿದರು.

“ಯಾರದೋ ಅದು?” ಎಂದರು ಅತ್ತೆ.

ಇವರು ಎಡಗೈಯಿಂದ ಫೋನನ್ನು ಬೋರಲು ಹಾಕಿದರು. “ಯಾರೋ ಅಮ್ಮಾ. ಕಾಯ್ಲಿ. ಅಪ್ಪಂದು ಊಟ ಆಗ್ಲಿ” ಎಂದು ಪಾಯಸ ಬಡಿಸಲು ಹೋದರು. ಸೌಟು ಪಾತ್ರೆಗೆ ತಗುಲಿ ಟಿಣ್ ಟಿಣ್ ಎನ್ನುತ್ತಿತ್ತು. ಆದರೆ ಒಂದು ಹನಿಯೂ ಎಲೆಯಿಂದಾಚೆ ಬೀಳಲಿಲ್ಲ.