ಅಡಿಗೆಮನೆಯ ಸ್ಪೀಕರ್

ನಮ್ಮ ಮನೆ ಓನರ್ ಗೇಟು ದಾಟುವ ಮೊದಲೇ ಅವರ ಮೀಸೆ ದಾಟಿರುತ್ತಿತ್ತು. ಪೌರಾಣಿಕ ನಾಟಕಕ್ಕೆಂದು ಬಿಟ್ಟ ಮೀಸೆ, ನಾಟಕ ಮುಗಿದರೂ ಬೋಳಿಸಲು ಮನಸ್ಸು ಬಂದಿರಲಿಲ್ಲ. ಬಟವಾಡಿ ಬಡಾವಣೆಯ ಅವರ ಮನೆಯ ಮಹಡಿಯಲ್ಲಿ ನಾನೂ ನನ್ನ ಹೆಂಡತಿಯೂ ಬಾಡಿಗೆಗಿದ್ದೆವು. ನೀರಿನ ಮೋಟರ್ ಹಾಕಿದ್ದನ್ನೂ ಡಂಗೂರ ಸಾರಿದಂತೆ ಹೇಳುತ್ತಿದ್ದರು. ಕೊರಳ ನರ ಉಬ್ಬದೆ ಅವರಿಗೆ ಮಾತೇ ಬರುತ್ತಿರಲಿಲ್ಲ. ಒಳ್ಳೇ ಮನುಷ್ಯ, ಗಂಟಲು ಮಾತ್ರ ಜೋರು.

ಅವರ ಸ್ವಂತ ಊರು ಹಾಗಲವಾಡಿ ಕಡೆ. ವರ್ಷವರ್ಷವೂ ಅಲ್ಲಿ ನಾಟಕ, ಇವರದು ಸೇನಾಪತಿ ಪಾತ್ರ. ಶಿಳ್ಳೆ, ಹಾರ, ಶಾಲು ಎಲ್ಲ ಸಿಕ್ಕಿತ್ತು. ಅವರ ಹೆಂಡತಿ ಮಾತ್ರ ಒಮ್ಮೆಯೂ ನೋಡಿರಲಿಲ್ಲ. ನಾಟಕದ ದಿನ ತಂಡದವರಿಗೆ, ನೆಂಟರಿಗೆ ಅಡಿಗೆ ಮಾಡುವುದರಲ್ಲೇ ಆಕೆಯ ಹೊತ್ತು ಮುಗಿಯುತ್ತಿತ್ತು.

"ಊರೆಲ್ಲ ಹೊಗಳ್ತು ಕಣ್ರೀ. ಇವಳೊಬ್ಳು ಏನಂತಾಳೋ ಗೊತ್ತಾಗ್ಲಿಲ್ಲ" ಎಂದು ಒಂದು ಸಂಜೆ ನನ್ನ ಹತ್ತಿರ ಪೇಚಾಡಿಕೊಂಡರು. ಆ ಗಂಟಲು ಅಷ್ಟು ಸಣ್ಣದಾದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಪಾಪ ಅನ್ನಿಸಿತು.

ಆ ವರ್ಷದ ನಾಟಕದ ಡಿವಿಡಿ ಕೈಗೆ ಬಂದದ್ದೇ ತಡ, ಶಿರಾ ಗೇಟಿನ ಅಂಗಡಿಗೆ ಹೋಗಿ ಪ್ಲೇಯರನ್ನೂ ಐದು ಸ್ಪೀಕರಿನ ಹೋಮ್ ಥಿಯೇಟರನ್ನೂ ಆಟೋದಲ್ಲಿ ಹೇರಿಕೊಂಡು ಬಂದರು. ವೈರ್ ಜೋಡಿಸಲು ನನ್ನನ್ನು ಕರೆದರು. ಪ್ಲೇಯರಿನಿಂದ ಹೋಮ್ ಥಿಯೇಟರಿಗೆ ಒಂದು ಕೇಬಲ್, ಅಲ್ಲಿಂದ ಟಿವಿಗೆ ಇನ್ನೊಂದು, ಅಷ್ಟು ನಾನು ಮಾಡಿದೆ. ಸ್ಪೀಕರುಗಳಿಗೆ ಜಾಗ ಗೊತ್ತು ಮಾಡಿದ್ದು ಅವರೇ. ನಾಲ್ಕನ್ನು ನಡುಮನೆಯ ಮೂಲೆಗಳಲ್ಲಿಟ್ಟರು. ಟಿವಿಯ ಕೆಳಗೆ ಇರಬೇಕಾದ ಐದನೆಯದನ್ನು ಉದ್ದನೆಯ ವೈರ್ ಎಳೆದು ಅಡಿಗೆಮನೆಯಲ್ಲಿ ಉಪ್ಪಿನಕಾಯಿ ಜಾಡಿಯ ಪಕ್ಕ ಕೂರಿಸಿದರು. ಮಾತೆಲ್ಲ ಬರುವುದು ಅದರಲ್ಲೇ ಎಂದು ನಾನು ಎಚ್ಚರಿಸಿದೆ. ಅದಕ್ಕೇ ಅಲ್ಲಿಟ್ಟದ್ದು, ಅವಳು ಕೆಲಸ ಮಾಡುತ್ತಲೇ ಕೇಳಲಿ ಎಂದರು.

ಡಿಸ್ಕ್ ಹಾಕಿದೆವು. ನಡುಮನೆಯ ತುಂಬ ಹಾರ್ಮೋನಿಯಂ, ತಬಲ, ಶಿಳ್ಳೆ. ಟಿವಿಯಲ್ಲಿ ಸೇನಾಪತಿ ಬಾಯಿ ತೆರೆದರೆ ಅಬ್ಬರ ಮಾತ್ರ ಒಗ್ಗರಣೆಯ ಪಕ್ಕದಿಂದ ಕೇಳಿತು. ನಾನು ನಗು ತಡೆದುಕೊಳ್ಳುತ್ತಿರುವಾಗಲೇ ಆಕೆ ಸೌಟು ಹಿಡಿದು ಬಾಗಿಲಿಗೆ ಬಂದರು.

"ನಿಮ್ಮ ಕೂಗು ಅಡಿಗೆಮನೇಲಿ ದಿನಾ ಕೇಳ್ತಾನೇ ಇದೀನಿ. ನಂಗೆ ಮುಖ ನೋಡ್ಬೇಕು."

ಓನರ್ ಒಳಗೆ ಹೋಗಿ ಗ್ಯಾಸ್ ಆರಿಸಿದರು. ಸ್ಪೀಕರ್ ಎತ್ತಿ ತಂದು ಟಿವಿಯ ಕೆಳಗಿಟ್ಟು, ಆಕೆಯನ್ನು ಸೋಫಾದ ಮಧ್ಯದಲ್ಲಿ ಕೂರಿಸಿ, ಮೊದಲಿಂದ ಹಾಕಲು ನನಗೆ ಹೇಳಿದರು. ಆಮೇಲೆ ಅವರು ನಾಟಕ ನೋಡಲೇ ಇಲ್ಲ, ಆಕೆಯ ಮುಖವನ್ನೇ ನೋಡುತ್ತಿದ್ದರು. ಮುಗಿದ ಮೇಲೆ ಆಕೆ ಸೆರಗು ಕೊಡವಿ ಎದ್ದು, "ಪರ್ವಾಗಿಲ್ಲ" ಎಂದರು.

ಮಾರನೆಯ ಬೆಳಿಗ್ಗೆ ಹಾಲಿನವನಿಗೆ, ಇಸ್ತ್ರಿಯವನಿಗೆ, ನಿಂತು ಕೇಳಿದ ಆಟೋದವರಿಗೆಲ್ಲ ಆ ಒಂದು ಮಾತನ್ನು ಓನರ್ ಕೂಗಿ ಕೂಗಿ ಹೇಳಿದರು. ಆ ಖುಷಿ ಯಾವ ಶಾಲು ಹೊದೆಸಿದಾಗಲೂ ಅವರಿಗೆ ಆಗಿರಲಾರದು.

ಈಗ ಅವರಿಲ್ಲ. ಅವರ ಋಣ ಮಾತ್ರ ನನ್ನ ಮೇಲಿದೆ. ಪತ್ರಿಕೆಗಳಿಗೆ ಅಷ್ಟಿಷ್ಟು ಬರೆಯುವ ನಾನು, ಬರೆದದ್ದನ್ನು ಅಡಿಗೆಮನೆಯ ಬಾಗಿಲಲ್ಲಿ ನಿಂತು ಹೆಂಡತಿಗೆ ಓದಿ ಹೇಳುವುದನ್ನು ಅಂದಿನಿಂದ ಬಿಟ್ಟೆ. ಗ್ಯಾಸ್ ಆರಿಸಿ, ಎದುರಿಗೆ ಕೂರಿಸಿಕೊಂಡು ಓದುತ್ತೇನೆ. ಇದನ್ನೂ ಈಗಷ್ಟೇ ಓದಿ ಮುಗಿಸಿದೆ. ಅವಳಿನ್ನೂ ಏನೂ ಅಂದಿಲ್ಲ. ಮುಖ ನೋಡುತ್ತಾ ಕೂತಿದ್ದೇನೆ.