ಟೈಲರಮ್ಮ ಹೊಲಿದ ಲೇಬಲ್

ಹೊರದೇಶದ ಅಂಗಿಗಳಲ್ಲಿ ಅವು ಎಲ್ಲಿ ತಯಾರಾದವೆಂಬ ಲೇಬಲ್ ಇಲ್ಲದಿದ್ದರೆ ಕಸ್ಟಮ್ಸ್‌ನವರು ಮಾಲು ಬಿಡುತ್ತಿರಲಿಲ್ಲ. ಆಗೆಲ್ಲ ಅವೆನ್ಯೂ ರಸ್ತೆಯ ಬಟ್ಟೆ ಅಂಗಡಿಯ ಗುಮಾಸ್ತನಾಗಿದ್ದ ನಾನು, ಚಾಮರಾಜಪೇಟೆಯ ಟೈಲರಮ್ಮನನ್ನು ಆಟೋದಲ್ಲಿ ಮಾಲು ತಡೆದಿಟ್ಟ ಗೋದಾಮಿಗೆ ಕರೆದೊಯ್ಯುತ್ತಿದ್ದೆ. ಸೂಜಿಯನ್ನು ಸೆರಗಿಗೆ ಸಿಕ್ಕಿಸಿಕೊಂಡೇ ಬರುತ್ತಿದ್ದರು. ಪ್ರತಿ ಲೇಬಲ್ಲನ್ನೂ ಹೊಲಿದು, ಉಗುರಿನಿಂದ ಎಳೆದು ನೋಡಿ, "ಇನ್ನು ಕಿತ್ತು ಬರಲ್ಲ," ಎನ್ನುತ್ತಿದ್ದರು.

ಒಮ್ಮೆ ನಮ್ಮ ಸಾಹುಕಾರರು ತಾವೇ ಬಂದು, ಬಾಂಗ್ಲಾದೇಶದ ಅಂಗಿಗಳಿಗೆ ಇಟಲಿಯ ಲೇಬಲ್ ಹೊಲಿಯಲು ಹೇಳಿದರು. ಟೈಲರಮ್ಮ ಸೂಜಿಯನ್ನು ಮತ್ತೆ ಸೆರಗಿಗೆ ಸಿಕ್ಕಿಸಿಕೊಂಡರು.

"ಇದನ್ನ ಹೊಲಿದೋಳೂ ನನ್ನಂಥೋಳೇ ಅಲ್ವಾ ಸಾರ್? ಅವಳ ಊರಿನ ಹೆಸರು ನಾನ್ಯಾಕೆ ಅಳಿಸ್ಲಿ?"

ಸಾಹುಕಾರರು ಇಟಲಿಯ ಲೇಬಲ್‌ಗಳನ್ನು ವಾಪಸ್ ತೆಗೆದುಕೊಂಡು, ಸರಿಯಾದ ಲೇಬಲ್ ತರಿಸಿದರು.

ನನ್ನ ಮದುವೆಗೆ ಟೈಲರಮ್ಮ ಹೊಲಿದುಕೊಟ್ಟ ಅಂಗಿ ಇನ್ನೂ ಇದೆ. ಕಾಲರಿನೊಳಗಿನ ಲೇಬಲ್ಲಿನಲ್ಲಿ, ಕೆಂಪು ದಾರದಲ್ಲಿ, 'ಚಾಮರಾಜಪೇಟೆ' ಎಂದಿದೆ. ಆಗಾಗ ಎಳೆದು ನೋಡುತ್ತೇನೆ. ಕಿತ್ತು ಬರಲ್ಲ.