ಪಂಕ್ಚರ್ ತಾತನ ಶ್ರದ್ಧೆ

ಊರಿನ ಸೈಕಲ್‌ಗಳೆಲ್ಲ ಓಡುವುದು ತನ್ನ ತೊಡೆಬಲದಿಂದಲೇ ಎಂಬುದು ಸೈಕಲ್ ರಿಪೇರಿ ಅಂಗಡಿಯ ಪಂಕ್ಚರ್ ತಾತನ ಜಂಬ. ಹರೆಯದಲ್ಲಿ ಅವನು ನೆಲಕ್ಕೆ ಒದ್ದರೆ ಪಕ್ಕದ ಬೀದಿಯವರ ಚಹಾ ಚೆಲ್ಲುತ್ತಿತ್ತಂತೆ!

ಎಪ್ಪತ್ತು ದಾಟಿದ ಮೇಲೆ ಮಾತ್ರ ಗಿಡ್ಡ ಸ್ಟೂಲಿನಿಂದ ಏಳುವುದೇ ಕಷ್ಟವಾಯಿತು. ಅದನ್ನು ಮುಚ್ಚಿಡಲು, ಸರಿಮಾಡಿದ ಚಕ್ರವನ್ನೇ ಮತ್ತೆ ಬಿಚ್ಚುತ್ತ ಕೂರುತ್ತಿದ್ದ. ಗಿರಾಕಿಗಳು ಅದನ್ನು ಶ್ರದ್ಧೆ ಎಂದು ಕೊಂಡಾಡಿದರು. ಹೆಂಡತಿ ಮೋಸಹೋಗಲಿಲ್ಲ.

"ಹಲ್ಲಿಲ್ಲ ಅಂತ ಮೂರು ಹೊತ್ತೂ ಚಹಾದಲ್ಲಿ ಬ್ರೆಡ್ ಅದ್ದಿಕೊಂಡು ತಿಂದ್ರೆ ಕಾಲಿಗೆ ಕಸುವು ಎಲ್ಲಿಂದ ಬರುತ್ತೆ? ಹೀಗೇ ಆದ್ರೆ ಅಂಗಡಿಗೆ ಬೀಗ ಹಾಕಿಸ್ತೀನಿ, ನೋಡ್ತಿರಿ!"

ಬೀಗದ ಮಾತಿಗೆ ತಾತನ ಜೀವ ಬಾಯಿಗೆ ಬಂತು. ಅಂದಿನಿಂದ ಬೆಳಿಗ್ಗೆ ಮೊಟ್ಟೆ, ಮಧ್ಯಾಹ್ನ ಗಟ್ಟಿ ಬೇಳೆ, ರಾತ್ರಿ ಬೆಣ್ಣೆಯಂತೆ ಬೆಂದ ಕಾಳು, ಮೊಸರು. ತಟ್ಟೆಯನ್ನೂ ಅವಳು ಕೈಗೆ ಕೊಡಲಿಲ್ಲ. ಎದ್ದು ಬಂದರಷ್ಟೇ ಊಟ.

ಕೆಲವು ತಿಂಗಳು ಕಳೆದವು. ಒಂದು ದಿನ ತಾತ ಟ್ಯೂಬಿಗೆ ತೇಪೆ ಹಾಕಿ, ಗೋಡೆಯನ್ನೂ ಹಿಡಿಯದೆ ಎದ್ದು ನಿಂತ.

ಹಳೇ ಗಿರಾಕಿ ಮುಖ ಸಿಂಡರಿಸಿದ. "ಏನ್ ತಾತ, ಒಂದೇ ಸಲಕ್ಕೆ ಮುಗಿಸಿಬಿಟ್ರಿ? ಮೊದಲಿನ ಶ್ರದ್ಧೆ ಇಲ್ಲ ಬಿಡಿ!"

"ಅದನ್ನ ನಮ್ಮ ಮನೆಯವಳು ಕಾಳು ಬೇಯಿಸಿ ಹಾಕಿ ಓಡಿಸಿಬಿಟ್ಲು ಕಣಪ್ಪಾ!"